ಮೂಗಿಗಿಂತ ಮೊದಲು ಮೂಗುಬೊಟ್ಟು

ಊರಿನ ಮನೆ ಮಾರಿದಾಗ ನನ್ನ ಪಾಲಿಗೆ ಬಂದದ್ದು ಎರಡು ಸಾಮಾನು. ಒಂದು, ತಾತ ನೆಲದ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಮರದ ಡೆಸ್ಕು. ಇನ್ನೊಂದು, ಜೋಯಿಸರ ಪಟ. ಡೆಸ್ಕಿಗೆ ಗೆದ್ದಲು ಹಿಡಿದು ಕಡೆಗೆ ನೀರೊಲೆ ಸೇರಿತು. ಪಟ ಈಗಲೂ ಇದೆ. ಅದರ ಕೆಳಗೆ ಕೂತೇ ಇದನ್ನು ಬರೆಯುತ್ತಿದ್ದೇನೆ.

ಪಟ ಎಂದರೆ ಕಾಗದದ ಮೇಲೆ ಬರೆದು ಮುಂದೊಂದು ಗಾಜು ಕೂರಿಸಿದ್ದಲ್ಲ. ಗಾಜಿನ ಬೆನ್ನಿಗೇ ಬಣ್ಣ ಹಚ್ಚಿ, ಮುಂದಿನಿಂದ ನೋಡುವಂತೆ ಕಟ್ಟು ಹಾಕಿಸಿದ್ದು. ಬೇರೆ ಮನೆಗಳ ಪಟದಲ್ಲಿ ಗಾಜು ಚಿತ್ರವನ್ನು ಕಾಯುತ್ತದೆ. ಇದರಲ್ಲಿ ಗಾಜೇ ಚಿತ್ರ. ಒಡೆದರೆ ಎರಡೂ ಹೋದವು. ಈ ವ್ಯತ್ಯಾಸ ನನಗೂ ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕನಿಗೂ ತಿಳಿದದ್ದು ತಡವಾಗಿ, ಅದೂ ಒಂದು ಅನಾಹುತ ಮಾಡಿದ ಮೇಲೆ.

ನಮ್ಮದು ನರಸೀಪುರದ ಕಡೆ, ಕಾವೇರಿ ದಂಡೆಯ ಊರು. ತೊಟ್ಟಿ ಮನೆ. ನಡುಮನೆಯ ಗೋಡೆಯ ಮೇಲೆ ಮೂರು ಗಾಜಿನ ಪಟಗಳಿದ್ದವು: ಒಂದು ನವನೀತ ಕೃಷ್ಣ, ಒಂದು ರಾಮ ಪಟ್ಟಾಭಿಷೇಕ, ಮಧ್ಯದಲ್ಲಿ ಜೋಯಿಸರ ಪಟ. ಜೋಯಿಸರು ಎಂದರೆ ನಮ್ಮ ಮುತ್ತಾತ. ಮುಕ್ಕಾಲು ಮೊಳ ಅಗಲ, ಒಂದು ಮೊಳ ಎತ್ತರದ ಆ ಗಾಜಿನಲ್ಲಿ ಅವರು ಕೆತ್ತನೆ ಕೈಗಳಿರುವ ಕುರ್ಚಿಯ ಮೇಲೆ ಕೂತಿದ್ದಾರೆ. ಅಂಥ ಕುರ್ಚಿ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ಹಿಂದೆ ಕುಚ್ಚು ಇಳಿಬಿಟ್ಟ ಹಸಿರು ಪರದೆ, ಪಕ್ಕದಲ್ಲಿ ಮೂರು ಕಾಲಿನ ದುಂಡು ಮೇಜು, ಮೇಲೆ ಹೂದಾನಿ. ಅವೂ ಇರಲಿಲ್ಲ. ಅವೆಲ್ಲ ಚಿತ್ರಗಾರನ ಮನೆಯ ಸಾಮಾನು. ಬರೆಸಿಕೊಳ್ಳಲು ಬಂದವರಿಗೆಲ್ಲ ಅದೇ ಕುರ್ಚಿ, ಅದೇ ಪರದೆ, ಅದೇ ಹೂದಾನಿ ಇರುತ್ತಿದ್ದವೋ ಏನೋ. ನಮ್ಮದು ಎಂದು ಹೇಳಬಹುದಾದದ್ದು ಮುತ್ತಾತನ ಕೆಂಪು ಅಂಚಿನ ಕಚ್ಚೆಪಂಚೆ, ಬರಿ ಮೈಮೇಲೆ ಹೊದ್ದ ಜರಿ ಶಾಲು, ಎದೆಗೆ ಅಡ್ಡಲಾಗಿ ಜನಿವಾರ. ಎಡಗಡೆ ಮುತ್ತಜ್ಜಿ. ಕೆಂಪಿನೋಲೆ, ಅಡ್ಡಿಕೆ, ಕಾಸಿನ ಸರ, ವಂಕಿ, ಡಾಬು, ಮೂಗುಬೊಟ್ಟು, ಒಂದನ್ನೂ ಬಿಟ್ಟಿಲ್ಲ. ಕೈಯಲ್ಲೊಂದು ಗುಲಾಬಿ. ಅವರ ಮಂಡಿಗೆ ಒರಗಿ ಜರಿ ಟೋಪಿಯ ಮೂರು ವರ್ಷದ ಮಗು, ನಮ್ಮ ತಾತ. ಮೂವರಿಗೂ ಒಂದೇ ಬಣ್ಣ, ಹಾಲಿಗೆ ಒಂದು ತೊಟ್ಟು ಕುಂಕುಮ ಬೆರೆಸಿದಂಥದ್ದು. ನಮ್ಮ ಮನೆತನದಲ್ಲಿ ಆ ಬಣ್ಣದವರು ಇದುವರೆಗೆ ಯಾರೂ ಹುಟ್ಟಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಪಟ ಬೇರೆಯಾಗುತ್ತಿತ್ತು. ಮುತ್ತಜ್ಜಿಯ ಒಡವೆ ಇರುವ ಕಡೆಯೆಲ್ಲ ಚಿತ್ರಗಾರ ಬಣ್ಣ ಹಚ್ಚದೆ ಖಾಲಿ ಬಿಟ್ಟು, ಹಿಂದಿನಿಂದ ಬೇಗಡೆ ಅಂಟಿಸಿದ್ದ. ಕೆಂಪಿನ ಹರಳಿಗೆ ಕೆಂಪು ಬೇಗಡೆ, ಚಿನ್ನಕ್ಕೆ ಹಳದಿ ಬೇಗಡೆ. ದೀಪ ಅಲ್ಲಾಡಿದರೆ ಓಲೆ ಅಲ್ಲಾಡಿದಂತೆ ಕಾಣುತ್ತಿತ್ತು. ನಾನೂ ಅಕ್ಕನೂ ಬಾಯಿಪಾಠ ಹೇಳುತ್ತಾ ಹೇಳುತ್ತಾ ಅದನ್ನೇ ನೋಡುತ್ತಿದ್ದೆವು. ಮಗ್ಗಿ ತಪ್ಪುತ್ತಿದ್ದದ್ದು ಅಲ್ಲೇ.

ಆಗಿನ ಪಟಗಳನ್ನು ಗೋಡೆಗೆ ಅಂಟಿದಂತೆ ಹಾಕುತ್ತಿರಲಿಲ್ಲ. ಕೆಳಗೆ ಎರಡು ಮೊಳೆಯ ಆಸರೆ, ಮೇಲೆ ಹುರಿ ಕಟ್ಟಿ ಮುಂದಕ್ಕೆ ಬಾಗಿಸುತ್ತಿದ್ದರು, ನೆಲದ ಮೇಲೆ ಕೂತವರಿಗೆ ಕಾಣಲಿ ಎಂದು. ಹೀಗಾಗಿ ಹಿಂದೆ ಒಂದು ಸಂದು ಉಳಿಯುತ್ತಿತ್ತು. ಆ ಸಂದು ಮನೆಯ ಖಜಾನೆ. ಬಂದ ಕಾಗದಗಳು, ಕಂದಾಯದ ರಸೀದಿ, ಅಮ್ಮನ ಚೌರಿ, ಊದುಬತ್ತಿಯ ಕಟ್ಟು, ಎಲ್ಲ ಅಲ್ಲಿ. ಉಳಿದ ಜಾಗದಲ್ಲಿ ಗುಬ್ಬಚ್ಚಿ ಸಂಸಾರ. ಊಟಕ್ಕೆ ಕೂತಾಗ ಮುತ್ತಾತನ ತಲೆಯ ಹಿಂದಿನಿಂದ ಹುಲ್ಲುಕಡ್ಡಿ ಎಲೆಗೆ ಬೀಳುತ್ತಿತ್ತು. 'ಜೋಯಿಸರು ಆಶೀರ್ವಾದ ಮಾಡಿದರು' ಎಂದು ತಾತ ಅದನ್ನು ತೆಗೆದು ಪಕ್ಕಕ್ಕೆ ಇಡುತ್ತಿದ್ದರು.

ಫೋಟೋ ಯಾಕೆ ತೆಗೆಸಲಿಲ್ಲ ಎಂದು ಒಮ್ಮೆ ಕೇಳಿದ್ದೆವು. ಮುತ್ತಾತ ಮೈಸೂರಿಗೆ ಹೋದದ್ದು ಹಳೆಯ ಮರದ ಅರಮನೆ ಸುಟ್ಟ ಮಾರನೆಯ ವರ್ಷದ ದಸರೆಗೆ, ಅಂದರೆ 1898ರಲ್ಲಿ. ಆಗಲೇ ಅಲ್ಲಿ ಫೋಟೋ ತೆಗೆಯುವವರಿದ್ದರು. ಆದರೆ ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಜೋಯಿಸರ ನಂಬಿಕೆ. ಬರೆಸಿದರೆ ದೋಷವಿಲ್ಲವಂತೆ. ಕೋಟೆಯ ಹತ್ತಿರದ ಓಣಿಯೊಂದರಲ್ಲಿ ಚಿತ್ರಗಾರನ ಮುಂದೆ ಒಂದು ಬೆಳಗ್ಗೆ ಪೂರ್ತಿ ಕೂತರು. ಆತ ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಕಾಗದದ ಮೇಲೆ ಗೆರೆ ತೆಗೆದುಕೊಂಡು, ತಿಂಗಳು ಬಿಟ್ಟು ಬನ್ನಿ ಎಂದ. ಪಟ ಊರಿಗೆ ಬಂದದ್ದು ಎತ್ತಿನ ಗಾಡಿಯಲ್ಲಿ, ಭತ್ತದ ಹುಲ್ಲಿನ ಮಧ್ಯೆ ಮಲಗಿಸಿಕೊಂಡು. ಊರಿನವರ ಆಯುಸ್ಸನ್ನೆಲ್ಲ ಲೆಕ್ಕ ಹಾಕುತ್ತಿದ್ದ ಮುತ್ತಾತ ಅದಾದ ಮೂರನೆಯ ವರ್ಷ ಜ್ವರ ಬಂದು ಹೋದರು. ಇದನ್ನು ಹೇಳುವಾಗ ತಾತ ನಗುತ್ತಿದ್ದರು. ತಂದೆಯ ಸಾವನ್ನು ಹೇಳುತ್ತಾ ಒಬ್ಬರು ನಗಬಹುದೆಂದು ನಮಗೆ ಆಗ ಅರ್ಥವಾಗುತ್ತಿರಲಿಲ್ಲ.

ಅಕ್ಕ ಎಡಚಿ. ಸ್ಲೇಟು ಕೊಟ್ಟ ದಿನವೇ ಬಳಪ ಎಡಗೈಗೆ ಹೋಯಿತು. ಹೋದದ್ದಲ್ಲದೆ ಅಕ್ಷರಗಳೂ ತಿರುಗಿದವು. ಅವಳು ಬರೆದ ಅ, ಆ, ಇ ಓದಬೇಕಾದರೆ ಸ್ಲೇಟನ್ನು ಕನ್ನಡಿಗೆ ಹಿಡಿಯಬೇಕಿತ್ತು. ಶಾಲೆಯ ಮೇಷ್ಟ್ರು ಗೆಣ್ಣಿಗೆ ರೂಲುದೊಣ್ಣೆಯಿಂದ ಹೊಡೆದರು. ಮನೆಯಲ್ಲಿ ಅಜ್ಜಿಯ ಚಿಂತೆ ಬೇರೆ: ಹೆಣ್ಣು ಮಗು, ನಾಳೆ ಅರಿಸಿನ ಕುಂಕುಮ ಎಡಗೈಯಲ್ಲಿ ಕೊಟ್ಟರೆ ಯಾರು ತೆಗೆದುಕೊಳ್ಳುತ್ತಾರೆ, ಬಡಿಸಿದರೆ ಯಾರು ಉಣ್ಣುತ್ತಾರೆ. ಹಳೇ ಸೀರೆಯ ಅಂಚು ಹರಿದು ಅಕ್ಕನ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿದರು. ಕಟ್ಟಿದ ಕೈಯಲ್ಲೇ ಅವಳು ಹಜಾರದ ಕಂಬ ಸುತ್ತುತ್ತಿದ್ದದ್ದು ನನಗೆ ಮಸುಕಾಗಿ ನೆನಪಿದೆ.

ಒಂದು ದಿನ ಅವಳು ಹಾಗೇ ಕಟ್ಟಿಸಿಕೊಂಡು, ಬಲಗೈಯಲ್ಲಿ ಬಳಪ ಹಿಡಿಯಲಾರದೆ, ಸ್ಲೇಟಿನ ಮೇಲೆ ಕಣ್ಣೀರು ಬಿಡುತ್ತಾ ಕೂತಿದ್ದಾಗ ತಾತ ಸಂಧ್ಯಾವಂದನೆ ಮುಗಿಸಿ ಎದ್ದು ಬಂದರು. ಏನೂ ಹೇಳದೆ ಅಂಚು ಬಿಚ್ಚಿದರು. ಅವಳನ್ನು ಎತ್ತಿಕೊಂಡು ಪಟದ ಮುಂದೆ ನಿಂತು ಅಜ್ಜಿಯನ್ನು ಕರೆದರು.

'ಬಾರೆ ಇಲ್ಲಿ. ನಮ್ಮಮ್ಮ ಹೂವು ಹಿಡಿದಿರೋದು ಯಾವ ಕೈಯಲ್ಲಿ?'

ಅಜ್ಜಿ ನೋಡಿದರು. ಎಡಗೈ.

'ನಮ್ಮಮ್ಮನೂ ಎಡಚಿ. ಈ ಮನೆ ನಿಂತಿರೋದು ಆ ಕೈಯಿಂದ. ಮಗೂ ಕೈ ಕಟ್ಟಬೇಡ.'

ಅಜ್ಜಿ ಸೊಸೆಯಾಗಿ ಬರುವ ಎಷ್ಟೋ ಮೊದಲೇ ಮುತ್ತಜ್ಜಿ ಹೋಗಿದ್ದರು. ತಾತನಿಗೇ ಆಗ 14 ವರ್ಷ. ಮುತ್ತಜ್ಜಿಯನ್ನು ಕಣ್ಣಿಂದ ಕಂಡವರು ಆ ಮನೆಯಲ್ಲಿ ತಾತ ಒಬ್ಬರೇ. 'ನೀವೊಬ್ಬರೇ ನೋಡಿದ್ದು, ನೀವು ಹೇಳಿದ್ದೇ ಸರಿ' ಎಂದು ಅಜ್ಜಿ ಗೊಣಗಿಕೊಂಡು ಒಳಗೆ ಹೋದರು. ಆದರೆ ಕಟ್ಟುವುದು ನಿಂತಿತು. ಶಾಲೆಗೂ ತಾತ ಹೋಗಿ ಬಂದರು. ಅಲ್ಲಿ ಏನು ಹೇಳಿದರೋ, ಹೊಡೆತವೂ ನಿಂತಿತು. ಊಟಕ್ಕೂ ಕುಂಕುಮ ಕೊಡುವುದಕ್ಕೂ ಬಲಗೈ, ಉಳಿದದ್ದಕ್ಕೆಲ್ಲ ನಿನ್ನಿಷ್ಟ ಎಂದು ತಾತನಿಗೂ ಅವಳಿಗೂ ಒಪ್ಪಂದವಾಯಿತು. ಅಂದಿನಿಂದ ಅಕ್ಕ ಆ ಪಟದ ಪಕ್ಷಪಾತಿ. ಯಾರಾದರೂ ಎಡಚಿ ಎಂದರೆ 'ನಮ್ಮ ಮುತ್ತಜ್ಜಿಯೂ' ಎಂದು ಗದ್ದ ಎತ್ತುತ್ತಿದ್ದಳು. ರಂಗೋಲಿಯನ್ನು ಎಡಗೈಯಲ್ಲಿ ಎಳೆಯುತ್ತಿದ್ದಳು. ಬಲಗೈಯವರು ಎಳೆದ ಬಳ್ಳಿ ಒಂದು ಕಡೆಗೆ ಬಾಗಿದರೆ ಇವಳದು ಇನ್ನೊಂದು ಕಡೆಗೆ. ಬೀದಿಯವರು ನಿಂತು ನೋಡಿ ಹೋಗುತ್ತಿದ್ದರು.

ಅನಾಹುತ ಆದದ್ದು 1964ರಲ್ಲಿ, ದಸರೆಗೆ ಮುಂಚೆ ಸುಣ್ಣ ಬಳಿಯುವಾಗ. ನನಗೆ 9, ಅಕ್ಕನಿಗೆ 12. ಪಟಗಳನ್ನು ಇಳಿಸಿ ಹಜಾರದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಗುಬ್ಬಚ್ಚಿ ಗೂಡು ಖಾಲಿ ಮಾಡುವ ಕೆಲಸ ನಮ್ಮದು. ಹಿಂದಿನ ತೆಳು ಹಲಗೆಯ ಒಂದು ಮೊಳೆ ಸಡಿಲವಾಗಿ ಒಳಗೆಲ್ಲ ಹುಲ್ಲು, ಪುಕ್ಕ, ಬೆಳ್ಳಿ ಹುಳುವಿನ ಹೊಟ್ಟು. ಹಲಗೆ ಎತ್ತಿದೆವು. ಅದರ ಕೆಳಗೆ ಹಳೇ ಪಂಚಾಂಗದ ಹಾಳೆಗಳು. ಅವನ್ನೂ ಎತ್ತಿದರೆ ಗಾಜಿನ ಬೆನ್ನು. ಒರಟಾಗಿ, ಧೂಳಾಗಿ, ಗೋಡೆಗೆ ಬಳಿದ ಸುಣ್ಣದ ಹಾಗೆ ಪದರ ಪದರವಾಗಿ ಕಂಡಿತು. ಕೊಳೆ ಎಂದುಕೊಂಡೆವು. ಅಕ್ಕ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಎಡಗೈಯಿಂದ ಒಂದು ಮೂಲೆ ಒರೆಸಿದಳು. ಬಟ್ಟೆಗೆ ಗುಲಾಬಿ ಬಣ್ಣ ಬಂತು. 'ಎಷ್ಟು ಕೊಳೆ ನೋಡೋ' ಎಂದಳು. ಇನ್ನೆರಡು ಸಲ ಒರೆಸಿದಳು. ನಾನು ಪಟವನ್ನು ಎತ್ತಿ ಮುಂದಿನಿಂದ ನೋಡಿದೆ.

ತಾತನ ಮುಖ ಇರಲಿಲ್ಲ. ಟೋಪಿಯ ಜರಿ ಇತ್ತು, ಮುಖದ ಸುತ್ತಿನ ಕಪ್ಪು ಗೆರೆ ಅಲ್ಲಲ್ಲಿ ಇತ್ತು, ಎರಡು ಕಣ್ಣು ಇದ್ದವು. ಕೆನ್ನೆ, ಹಣೆ, ಬಾಯಿ ಇರಬೇಕಾದ ಜಾಗದಲ್ಲಿ ಗಾಜಿನ ಆಚೆ ಅಕ್ಕನ ಲಂಗ ಕಾಣುತ್ತಿತ್ತು.

ಮುಚ್ಚಿಡಲು ಏನು ಮಾಡಬಹುದೋ ಎಲ್ಲ ಮಾಡಿದೆವು. ಪಂಚಾಂಗದ ಹಾಳೆ ಮೊದಲಿದ್ದಂತೆ ಇಟ್ಟು, ಹಲಗೆ ಮುಚ್ಚಿ, ಮೊಳೆಯನ್ನು ಕಲ್ಲಿನಿಂದ ಹೊಡೆದೆವು. ತಿರುಗಿಸಿ ನೋಡಿದರೆ ಇನ್ನೂ ಅನ್ಯಾಯವಾಗಿತ್ತು. ಮಗುವಿನ ಮುಖದ ತುಂಬ ಈಗ ತಿಥಿ, ವಾರ, ನಕ್ಷತ್ರ. ಅಕ್ಷರಗಳ ನಡುವೆ ಎರಡು ಕಣ್ಣು.

ಸಂಜೆ ತಾತ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನಾವು ಕಂಬದ ಹಿಂದೆ. ಅಮ್ಮ ಹೊಡೆಯಲು ಕೈ ಎತ್ತಿದ್ದರು. ತಾತ ಬೇಡ ಎಂದು ಸನ್ನೆ ಮಾಡಿ, 'ಕಣ್ಣು ಉಳಿಸಿದ್ದಾರಲ್ಲ, ಸಾಕು. ಜೋಯಿಸರ ಮಗನ ಮುಖದ ಮೇಲೆ ಪಂಚಾಂಗವಲ್ಲದೆ ಇನ್ನೇನು ಇರಬೇಕು?' ಎಂದರು. ಆ ಹಾಳೆ ತೆಗೆದು ಬಿಳಿ ಕಾಗದ ಹಾಕೋಣ ಎಂದು ಅಪ್ಪ ಹೇಳಿದರೂ ಒಪ್ಪಲಿಲ್ಲ. ಆಮೇಲೆ ಮನೆಗೆ ಬಂದವರು ಮಗು ಯಾರು ಎಂದರೆ, 'ಅದು ನಾನು. ಅಲ್ಲಿ ಇಲ್ಲ, ಇಲ್ಲಿದ್ದೀನಿ' ಎನ್ನುತ್ತಿದ್ದರು.

ಆ ರಾತ್ರಿ ಅವರು ಮುತ್ತಜ್ಜಿಯ ಬಗ್ಗೆ ಮಾತಾಡಿದರು. ಅಷ್ಟು ಮಾತಾಡಿದ್ದು ಅದೊಂದೇ ಸಲ. ತಾತನಿಗೆ ನೆನಪಿದ್ದ ತಾಯಿ ಪಟದಲ್ಲಿರುವವಳಲ್ಲ. ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಸೆರಗು, ಹಿತ್ತಲ ಕೋಣೆ, ಒಪ್ಪೊತ್ತು ಊಟ. ಮುತ್ತಾತ ಹೋದಾಗ ಆಕೆಗೆ ಇನ್ನೂ ಮೂವತ್ತು ಆಗಿರಲಿಲ್ಲ. ಓಲೆ, ಅಡ್ಡಿಕೆ, ಕಾಸಿನ ಸರ ಎಲ್ಲ ಒಂದೊಂದಾಗಿ ಮಾರಿ ಗದ್ದೆ ಉಳಿಸಿಕೊಂಡರು, ಮಗನನ್ನು ಓದಿಸಿದರು. ನಡುಮನೆಗೆ ಬಂದರೂ ಪಟದ ಕಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದರಂತೆ. ಒಡವೆ ಉಳಿದದ್ದು ಗಾಜಿನಲ್ಲಿ ಮಾತ್ರ, ಬೇಗಡೆಯಾಗಿ. 'ನಮ್ಮಮ್ಮನ ಕೂದಲು ಎಷ್ಟು ಉದ್ದ ಇತ್ತು ಅಂತ ನಂಗೆ ಆ ಪಟ ನೋಡಿಯೇ ಗೊತ್ತು' ಎಂದರು ತಾತ.

ಪಟ ಒರೆಸಿ ನಾಲ್ಕು ದಿನ ಕಳೆದಿತ್ತು. ಪಿತೃಪಕ್ಷದ ತಿಥಿಗೆ ಶಾಸ್ತ್ರಿಗಳು ಬಂದರು. ಪಟ ಇನ್ನೂ ಹಜಾರದಲ್ಲಿ ಗೋಡೆಗೆ ಒರಗಿತ್ತು. ಅಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲು. ಬಗ್ಗಿ ನೋಡಿ, 'ಏನ್ ಸ್ವಾಮಿ, ಜೋಯಿಸರ ಜನಿವಾರ ಅಪಸವ್ಯ ಆಗಿದೆಯಲ್ಲ! ತಮ್ಮ ತಿಥಿ ತಾವೇ ಮಾಡೋಕೆ ಕೂತಂಗಿದೆ' ಎಂದರು. ಹೌದು. ಜನಿವಾರ ಬಲ ಹೆಗಲಿನಿಂದ ಎಡಕ್ಕೆ ಇಳಿದಿತ್ತು. ಪಿತೃಕಾರ್ಯದಲ್ಲಿ ಬಿಟ್ಟರೆ ಹಾಗೆ ಯಾರೂ ಹಾಕಿಕೊಳ್ಳುವುದಿಲ್ಲ. ದಿನವೂ ನೋಡುತ್ತಿದ್ದ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ತಾತ ಒಂದು ಕ್ಷಣ ಸುಮ್ಮನಿದ್ದು, 'ಚಿತ್ರಗಾರ ಅವಸರದಲ್ಲಿ ಬರೆದಿರ್ತಾನೆ ಬಿಡಿ. ಹೊತ್ತಾಯ್ತು, ಸಂಕಲ್ಪ ಮಾಡಿಸಿ' ಎಂದರು. ಮಾತು ಅಲ್ಲಿಗೆ ನಿಂತಿತು. ತಾತ ಮಾತು ತಿರುಗಿಸಿದರು ಎಂದು ನನಗೆ ಹೊಳೆದದ್ದು 23 ವರ್ಷ ಕಳೆದ ಮೇಲೆ.

1987ರಲ್ಲಿ ಬ್ಯಾಂಕಿನ ಕೆಲಸದ ಮೇಲೆ ಆರು ತಿಂಗಳು ತಂಜಾವೂರಿನಲ್ಲಿದ್ದೆ. ಸಂಜೆ ಹೊತ್ತು ಹೋಗದೆ ಬೀದಿ ಅಲೆಯುವಾಗ ಒಂದು ಮನೆಯ ಜಗುಲಿಯ ಮೇಲೆ ವಯಸ್ಸಾದ ಒಬ್ಬರು ಗಾಜಿನ ಮೇಲೆ ಗಣೇಶನನ್ನು ಬರೆಯುತ್ತಿದ್ದರು. ನಾನು ಜಗುಲಿ ಹತ್ತಿ ಕೂತೆ. ಆಮೇಲೆ ದಿನವೂ ಕೂತೆ. ನನ್ನ ಹರಕು ತಮಿಳಿಗೆ ಅವರು ಕೈ ಸನ್ನೆಯಲ್ಲೇ ಪಾಠ ಮಾಡಿದರು.

ಗೋಡೆ, ಹಲಗೆ, ಬಟ್ಟೆಯ ಮೇಲೆ ಬರೆಯುವವನು ಮೊದಲು ಹಿನ್ನೆಲೆ ಬಳಿಯುತ್ತಾನೆ, ಆಮೇಲೆ ಮೈ, ಆಮೇಲೆ ಬಟ್ಟೆ, ಕಡೆಗೆ ಒಡವೆ, ಎಲ್ಲಕ್ಕಿಂತ ಕಡೆಗೆ ಕಣ್ಣು. ದೇವರಿಗೆ ಕಣ್ಣು ಬರೆಯುವುದು ಕೊನೆಯ ಕೆಲಸ. ಗಾಜಿನಲ್ಲಿ ಇದೆಲ್ಲ ತಲೆಕೆಳಗು. ನೋಡುವವನ ಕಣ್ಣಿಗೆ ಮೊದಲು ಬೀಳಬೇಕಾದದ್ದು ಗಾಜಿಗೆ ಮೊದಲು ಅಂಟಬೇಕು. ಆದ್ದರಿಂದ ಕಪ್ಪು ಗೆರೆ ಮೊದಲು, ಕಣ್ಣುಗುಡ್ಡೆ ಮೊದಲು, ಕುಂಕುಮವಾದ ಮೇಲೆ ಹಣೆ, ಬಳೆಯಾದ ಮೇಲೆ ಕೈ, ಮೂಗುಬೊಟ್ಟಾದ ಮೇಲೆ ಮೂಗು. ನೆರಳಿನ ಛಾಯೆಗಳನ್ನು ಕೊಟ್ಟು, ಮೇಲೆ ಮೈಬಣ್ಣವನ್ನು ದಟ್ಟವಾಗಿ ಬಳಿದು ಮುಚ್ಚುವುದು. ಒಡವೆಯ ಜಾಗ ಬಿಟ್ಟು ಸೀರೆ. ಎಲ್ಲಕ್ಕೂ ಕೊನೆಗೆ ಪರದೆ, ಗೋಡೆ. ಕಣ್ಣು ಸೊಟ್ಟವಾಯಿತು ಎಂದು ಕೊನೆಯಲ್ಲಿ ಗೊತ್ತಾದರೆ ತಿದ್ದುವ ಹಾಗಿಲ್ಲ. ಅದರ ಮೇಲೆ ಮುಖವೇ ಕೂತಿರುತ್ತದೆ. ಇಡೀ ಚಿತ್ರ ಮನಸ್ಸಿನಲ್ಲಿ ಮುಗಿದಿದ್ದವನು ಮಾತ್ರ ಕುಂಚ ಎತ್ತಬೇಕು.

ತಾತನ ಕಣ್ಣು ಯಾಕೆ ಉಳಿದವು ಎಂದು ಆಗ ತಿಳಿಯಿತು. ಹಿಂದಿನಿಂದ ಒರೆಸಿದ ನಮಗೆ ಮೊದಲು ಸಿಕ್ಕಿದ್ದು ಚಿತ್ರಗಾರ ಕಡೆಯಲ್ಲಿ ಬಳಿದ ಮೈಬಣ್ಣ. ಅವನು ಮೊದಲು ಇಟ್ಟ ಕಣ್ಣಿನ ತನಕ ಅಕ್ಕನ ಬಟ್ಟೆ ಹೋಗುವಷ್ಟರಲ್ಲಿ ನಾನು ತಿರುಗಿಸಿ ನೋಡಿದ್ದೆ.

ಇನ್ನೊಂದು ವಿಷಯ ಅವರು ಗಣೇಶನ ಸೊಂಡಿಲು ತೋರಿಸಿ ಹೇಳಿದರು. ಕಾಗದದ ಗೆರೆಚಿತ್ರವನ್ನು ಗಾಜಿನ ಕೆಳಗಿಟ್ಟು ಹಾಗೇ ಎಳೆದರೆ, ಗಾಜನ್ನು ತಿರುಗಿಸಿದಾಗ ಎಡ ಬಲವಾಗುತ್ತದೆ. ಎಡಮುರಿ ಗಣೇಶ ಬಲಮುರಿಯಾಗುತ್ತಾನೆ. ವಿಷ್ಣುವಿನ ಶಂಖ ಚಕ್ರಗಳು ಕೈ ಬದಲಿಸುತ್ತವೆ. ಅದಕ್ಕೇ ದೇವರ ಗೆರೆಚಿತ್ರಗಳನ್ನು ಮೊದಲೇ ಮಗುಚಿ ಬರೆದು ಇಟ್ಟುಕೊಂಡಿರುತ್ತಾರೆ, ಅಪ್ಪನಿಂದ ಮಗನಿಗೆ ಅದೇ ಹಾಳೆಗಳು ಬರುತ್ತವೆ. ಆದರೆ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಬರೆಯುವಾಗ? ಅವರು ನಕ್ಕು, ಅಂಗೈ ಮಗುಚಿ ತೋರಿಸಿದರು. ಮಗುಚಲು ಮರೆತವರೂ ಇದ್ದಾರೆ, ಮನುಷ್ಯನಿಗೆ ಯಾವ ಕಡೆಯಾದರೇನು ಎಂದು ಮಗುಚದವರೂ ಇದ್ದಾರೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜನಿವಾರ ಬಲ ಹೆಗಲಿನಲ್ಲಿ. ನಮ್ಮ ಮನೆಯ ಹೆಂಗಸರೆಲ್ಲ ಬಲಕ್ಕೆ ಚುಚ್ಚಿಸಿಕೊಳ್ಳುವ ಮೂಗುಬೊಟ್ಟು ಪಟದಲ್ಲಿ ಎಡಕ್ಕೆ. ಹಾಗಿದ್ದರೆ ಗುಲಾಬಿ?

ಈ ವಿದ್ಯೆ ನಮ್ಮಲ್ಲಿಗೆ ಬಂದದ್ದು ದೂರದಿಂದ ಎಂದು ಆಮೇಲೆ ಓದಿ ತಿಳಿದೆ. ಯುರೋಪಿನಿಂದ ಚೀನಾಕ್ಕೆ ಹೋಗಿ, 18ನೆಯ ಶತಮಾನದಲ್ಲಿ ಕ್ಯಾಂಟನ್ ಬಂದರಿನ ಚಿತ್ರಶಾಲೆಗಳಲ್ಲಿ ದೊಡ್ಡ ವ್ಯಾಪಾರವಾಗಿ, ಚಹಾ ರೇಷ್ಮೆ ತರುವ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. ಚೀನೀ ಚಿತ್ರಗಾರರೇ ಬಂದು ಇಲ್ಲಿನ ಕೆಲವು ಆಸ್ಥಾನಗಳಲ್ಲಿ ಬರೆದದ್ದೂ ಉಂಟು. ಅವರ ಕೈಯಲ್ಲಿ ನಮ್ಮವರ ಕಣ್ಣೂ ಸ್ವಲ್ಪ ಕಿರಿದಾಗಿ ಕಾಣುತ್ತದೆ. ದಕ್ಷಿಣಕ್ಕೆ ಬಂದ ಮೇಲೆ ತಂಜಾವೂರು, ಮೈಸೂರುಗಳ ಚಿತ್ರಗಾರರು ಅದನ್ನು ತಮ್ಮದಾಗಿಸಿಕೊಂಡರು. ಹಲಗೆಯ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದ ಕೈಗಳಿಗೆ ಗಾಜಿನ ಹಿಂದೆ ಬೇಗಡೆ ಕೂರಿಸುವುದು ಕಷ್ಟವಾಗಲಿಲ್ಲ. ಕಲಾವಿದೆ ಜಯಾ ಅಪ್ಪಸಾಮಿ ಇಂಥ ಚಿತ್ರಗಳ ಬೆನ್ನುಹತ್ತಿ ಪುಸ್ತಕವನ್ನೇ ಬರೆದರು. ಹಾಳೆ ತಿರುವುತ್ತಾ ಹೋದರೆ ನಮ್ಮ ಮುತ್ತಾತನ ಕುರ್ಚಿ, ಪರದೆ, ಹೂದಾನಿಗಳ ನೆಂಟರು ಸಿಗುತ್ತಾರೆ. ಬರೆದವರ ಹೆಸರು ಮಾತ್ರ ಬಹುಪಾಲು ಪಟಗಳಲ್ಲಿ ಇಲ್ಲ, ನಮ್ಮದರಲ್ಲೂ ಇಲ್ಲ.

ಮುತ್ತಾತ ಬರೆಸಿಕೊಂಡ ಕಾಲಕ್ಕೆ ಈ ಕಸುಬು ಕೊನೆ ಮುಟ್ಟುತ್ತಿತ್ತು. ರವಿವರ್ಮನ ಮುದ್ರಣಾಲಯ ಮುಂಬಯಿಯಲ್ಲಿ 1894ರಲ್ಲಿ ಶುರುವಾಗಿ, ಅಚ್ಚಾದ ಲಕ್ಷ್ಮಿ ಸರಸ್ವತಿಯರು ಕಡಿಮೆ ಕಾಸಿಗೆ ಮನೆಮನೆಗೆ ಬಂದರು. ಗಾಜಿನ ದೇವರುಗಳನ್ನು ಅವರು ಅಟ್ಟಕ್ಕೆ ಕಳಿಸಿದರು, ಗಾಜಿನ ಮನುಷ್ಯರನ್ನು ಫೋಟೋ ಕಳಿಸಿತು. ಜೋಯಿಸರ ಆಯುಸ್ಸಿನ ಭಯ ಇಲ್ಲದಿದ್ದರೆ ನಮ್ಮ ಮನೆಯಲ್ಲೂ ಮಾಸಲು ಬಣ್ಣದ ಒಂದು ಫೋಟೋ ಇರುತ್ತಿತ್ತು, ಜನಿವಾರ ಸರಿಯಾದ ಹೆಗಲಿನಲ್ಲಿ.

ಎಪ್ಪತ್ತರ ದಶಕದಲ್ಲಿ ಊರೂರಿಗೆ ಸ್ಟೀಲು ಪಾತ್ರೆ ಹೊತ್ತು, ಹಳೇ ಸಾಮಾನಿಗೆ ಬದಲಾಯಿಸುವವರು ಬರುತ್ತಿದ್ದರು. ತಾತ ಹೋದ ಮೇಲೆ ಒಂದು ದಿನ ಅಂಥವನೊಬ್ಬ ನಡುಮನೆಯ ಗೋಡೆ ನೋಡಿದ. ನವನೀತ ಕೃಷ್ಣನಿಗೂ ಪಟ್ಟಾಭಿಷೇಕಕ್ಕೂ ಸೇರಿ ಒಂದು ದೊಡ್ಡ ಸ್ಟೀಲು ಡಬರಿ, ಎರಡು ಲೋಟ. ಮನೆಯವರಿಗೆ ಲಾಭವೆನಿಸಿತು, ಗಾಜಿನ ಪಟಕ್ಕೆ ಆಗ ಯಾರ ಮನೆಯಲ್ಲೂ ಬೆಲೆ ಇರಲಿಲ್ಲ. ಜೋಯಿಸರ ಪಟವನ್ನೂ ಇಳಿಸಿ ನೋಡಿದ. ಮಗುವಿನ ಮುಖದಲ್ಲಿ ಪಂಚಾಂಗ ಕಂಡು, 'ಇದು ಕೆಟ್ಟೋಗದೆ' ಎಂದು ವಾಪಸು ಕೊಟ್ಟ. ಅಕ್ಕ ಇವತ್ತಿಗೂ ಇದನ್ನು ತನ್ನ ಸಾಧನೆಗಳ ಪಟ್ಟಿಯಲ್ಲಿ ಮೊದಲು ಹೇಳುತ್ತಾಳೆ.

ಗುಲಾಬಿಯ ವಿಷಯವನ್ನು ಅಕ್ಕನಿಗೆ ಬಹಳ ವರ್ಷ ಹೇಳಲಿಲ್ಲ. ಯಾವುದರ ಬಲದ ಮೇಲೆ ಒಬ್ಬಳು ತಲೆಯೆತ್ತಿ ನಡೆದಳೋ ಅದನ್ನು ಹೋಗಿ ತಪ್ಪು ಎನ್ನುವುದಕ್ಕೆ ಬಾಯಿ ಬರಲಿಲ್ಲ. ಅವಳು ಎಡಗೈಯಲ್ಲೇ ಬರೆದು ಎಂ.ಎ. ಮುಗಿಸಿದಳು, ಎಡಗೈಯಲ್ಲೇ ಕರಿಹಲಗೆಯ ಮೇಲೆ ಬರೆದು 31 ವರ್ಷ ಪಾಠ ಮಾಡಿದಳು. ಅವಳ ತರಗತಿಯಲ್ಲಿ ಯಾವ ಮಗುವಿನ ಗೆಣ್ಣಿಗೂ ಏಟು ಬೀಳಲಿಲ್ಲ. ಕಳೆದ ದಸರೆಗೆ ಮೈಸೂರಿಗೆ ಬಂದಿದ್ದಳು. ಪಟದ ಕೆಳಗೆ ಕೂತು ಬೊಂಬೆಗಳ ಪೆಟ್ಟಿಗೆ ಬಿಚ್ಚುತ್ತಿದ್ದೆವು. ಯಾಕೋ ಹೇಳಿಬಿಟ್ಟೆ. ಜನಿವಾರ, ಮೂಗುಬೊಟ್ಟು, ಮಗುಚದ ಗೆರೆಚಿತ್ರ, ಎಲ್ಲ. ಒಳಗಿನಿಂದ ಕೈಗನ್ನಡಿ ತಂದು ಪಟಕ್ಕೆ ಹಿಡಿದು ತೋರಿಸಿದೆ. ಕನ್ನಡಿಯಲ್ಲಿ ಮುತ್ತಾತನ ಜನಿವಾರ ಎಡ ಹೆಗಲಿಗೆ ಬಂತು. ಮುತ್ತಜ್ಜಿಯ ಗುಲಾಬಿ ಬಲಗೈಗೆ ಬಂತು.

ಅಕ್ಕ ಕನ್ನಡಿಯನ್ನು ಎಡಗೈಯಿಂದ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದಳು.

'ಇಷ್ಟು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯೇನೋ?'

'ತಾತನಿಗೆ ಗೊತ್ತಿತ್ತು ಅನ್ಸುತ್ತೆ ಅಕ್ಕ. ಶಾಸ್ತ್ರಿಗಳು ಕೇಳಿದಾಗ ಮಾತು ತಿರುಗಿಸಿದ್ರಲ್ಲ.'

'ಪಟಕ್ಕೆ ಎಡ ಬಲ ಗೊತ್ತಿಲ್ದೆ ಇರಬಹುದು. ತಾತ ಹದಿನಾಲ್ಕು ವರ್ಷ ಅವಳ ಕೈಲಿ ಉಂಡಿದ್ರು ಕಣೋ' ಎಂದಳು. 'ಆ ಚಂದ್ರಿಕೆ ಬೊಂಬೆ ಇತ್ಲಾಗೆ ಕೊಡು.'

ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಪಟದ ಸ್ಥಿತಿ ಈಗ ಚೆನ್ನಾಗಿಲ್ಲ. ಕಾಗದ, ಬಟ್ಟೆಗಳು ಬಣ್ಣವನ್ನು ಹೀರಿಕೊಳ್ಳುತ್ತವೆ, ಗಾಜು ಹೀರುವುದಿಲ್ಲ. ಬಣ್ಣ ಅದರ ಮೇಲೆ ಸುಮ್ಮನೆ ಕೂತಿರುತ್ತದೆ, ಅಂಟಿನ ಬಲ ಇರುವಷ್ಟು ದಿನ. ಮಳೆಗಾಲದ ತೇವಕ್ಕೆ ಊದಿ ಬೇಸಿಗೆಯ ಒಣಹವೆಗೆ ಕುಗ್ಗಿ, ಬಣ್ಣ ಗಾಜಿನಿಂದ ಮೇಲೇಳುತ್ತದೆ. ಮುಂದಿನಿಂದ ನೋಡಿದರೆ ಅಲ್ಲಿ ಬೆಳ್ಳಗೆ ಗಾಳಿ ತುಂಬಿದ ಹಾಗೆ ಕಾಣುತ್ತದೆ. ಹಸಿರು ಪರದೆಯ ಮೇಲೆ ಅಂಥ ನಾಲ್ಕು ಕಲೆಗಳಿವೆ, ಐದನೆಯದು ಮುತ್ತಾತನ ಮೊಣಕಾಲಿನ ಹತ್ತಿರ ಶುರುವಾಗಿದೆ. ಫೋಟೋಗೆ ಕಟ್ಟು ಹಾಕುವ ಅಂಗಡಿಯೊಂದರಲ್ಲಿ ಕೇಳಿದಾಗ, ಎಲ್ಲ ಕೆರೆದು ಹಾಕಿ ಒಳ್ಳೆ ಕನ್ನಡಿ ಮಾಡಿಕೊಡುತ್ತೇನೆ ಸಾರ್, ಹಳೇ ಗಾಜು ಗಟ್ಟಿ ಎಂದ. ಪಟ ಎತ್ತಿಕೊಂಡು ಓಡಿ ಬಂದೆ. ಇಂಥ ಕೆಲಸ ಬಲ್ಲವರು ಇದ್ದಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇನ್‌ಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಮಳೆ ಕಳೆದ ಮೇಲೆ ಒಯ್ಯಬೇಕು. ಎದ್ದ ಬಣ್ಣವನ್ನು ಕೂರಿಸಿದರೆ ಸಾಕು, ತಾತನ ಮುಖ ಬರೆಯುವುದು ಬೇಡ, ಪಂಚಾಂಗದ ಹಾಳೆ ಬದಲಿಸುವುದು ಬೇಡ ಎಂದು ಅಕ್ಕ ಒಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟು ಹೋಗಿದ್ದಾಳೆ.

ನಿಮ್ಮ ಊರಿನ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಇರಬಹುದು. ಅಡ್ಡಡ್ಡ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿ. ಬಣ್ಣ ಗಾಜಿಗೇ ಅಂಟಿದ್ದರೆ ಗೊತ್ತಾಗುತ್ತದೆ. ಮುಂದಿನ ಧೂಳನ್ನು ಒಣಬಟ್ಟೆಯಲ್ಲಿ ಹಗುರಾಗಿ ತೆಗೆಯಿರಿ. ಬಿಸಿಲು ಬೀಳದ, ಹೊಗೆ ಮುಟ್ಟದ ಗೋಡೆಗೆ ಹಾಕಿ. ಹಿಂದಿನ ಹಲಗೆ ಮಾತ್ರ ಬಿಚ್ಚಬೇಡಿ, ಬಿಚ್ಚಿದರೂ ಮಕ್ಕಳ ಕೈಗೆ ಒದ್ದೆ ಬಟ್ಟೆ ಕೊಡಬೇಡಿ.